‘ಕಳಪೆ’ ಅನ್ನುವ ಮೊದಲು



ಕೆಂಗೇರಿ ಸುತ್ತಮುತ್ತ ಮಳೆಯನ್ನು ನಂಬಿ ರಾಗಿ ಬಿತ್ತುವವರಿಗೆ ಒಂದು ಹದ ತಪ್ಪಿದರೆ ವರ್ಷದ ಹಿಟ್ಟಿಗೇ ಸಂಚಕಾರ. ಪೈರು ಹುಟ್ಟದಿದ್ದಾಗ ‘ಬೀಜ ಕಳಪೆ’ ಎಂದುಬಿಡುತ್ತೇವೆ. ಈ ಮಾತಿನ ಅರ್ಥವೇನು, ಯಾವಾಗ ಆಡಬೇಕು ಅನ್ನೋದನ್ನು ಈಗ ನೋಡೋಣ.

ಕೆಟ್ಟ ಬೀಜಕ್ಕೆ ನಮ್ಮಲ್ಲಿ ಮೂರು ಮಾತುಂಟು. ತಿರುಳಿಲ್ಲದ ಕಾಳು ಜೊಳ್ಳು. ತೂರಿದರೆ ಗಾಳಿಗೆ ಹಾರಿಹೋಗುತ್ತದೆ. ಮಣ್ಣು, ಕಳೆಬೀಜ, ಬೇರೆ ಕಾಳು ಸೇರಿದ್ದು ಬೆರಕೆ. ಮೊರದಲ್ಲಿ ಹರಡಿದರೆ ಬಹುಮಟ್ಟಿಗೆ ಕಣ್ಣಿಗೇ ಕಾಣುತ್ತದೆ. ಕಳಪೆ ಎಂದರೆ ಇರಬೇಕಾದ ಮಟ್ಟಕ್ಕಿಂತ ಕೆಳಗಿರುವುದು. ನೋಡಲು ಚೆಂದವಾಗಿರುವ ಬೀಜವೂ ಹಳೆಯದಾಗಿ, ಮೊಳೆಯುವ ಶಕ್ತಿ ಕಳೆದುಕೊಂಡು ಕಳಪೆಯಾಗಿರಬಹುದು. ಆದ್ದರಿಂದ ಈ ಮಾತು ಆಡೋದಕ್ಕೆ ಒಂದು ಅಳತೆ ಬೇಕು.

ಆ ಅಳತೆಯನ್ನು ಸರಕಾರವೇ ಗೊತ್ತುಮಾಡಿದೆ. ಪ್ರಮಾಣಿತ ರಾಗಿ ಬೀಜದಲ್ಲಿ ನೂರಕ್ಕೆ 75 ಕಾಳಾದರೂ ಮೊಳೆಯಬೇಕು. ತೂಕದಲ್ಲಿ ನೂರಕ್ಕೆ 97 ಪಾಲು ಶುದ್ಧ ಬೀಜವಿರಬೇಕು. ಭತ್ತಕ್ಕಾದರೆ 80 ಮತ್ತು 98. ಇಂಥ ಚೀಲಕ್ಕೆ ನೀಲಿ ಚೀಟಿ ಕಟ್ಟಿರುತ್ತಾರೆ. ಮಟ್ಟಕ್ಕೆ ಬಾರದ ಬೀಜ ಮಾರುವವರ ಮೇಲೆ ಕ್ರಮ ಕೈಗೊಳ್ಳಲು 1966ರ ಬೀಜ ಕಾಯಿದೆಯಿದೆ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಿತ್ತನೆಗೆ ಹತ್ತು ಹನ್ನೆರಡು ದಿನ ಮುಂಚೆ, ಆರಿಸದೆ ಕೈಗೆ ಬಂದ ನೂರು ಕಾಳನ್ನು ಎಣಿಸಿ, ಒದ್ದೆ ಬಟ್ಟೆಯ ಮೇಲೆ ಹರಡಿ, ಸುತ್ತಿ ನೆರಳಲ್ಲಿಡಿ. ಬಟ್ಟೆ ಒಣಗಬಾರದು, ನೀರೂ ನಿಲ್ಲಬಾರದು. ಎಂಟನೆಯ ದಿನ ಚೆನ್ನಾಗಿ ಮೊಳೆತವನ್ನು ಎಣಿಸಿ. ಹೀಗೆ ನಾಲ್ಕು ನೂರು ಇಟ್ಟರೆ ಲೆಕ್ಕ ಇನ್ನೂ ಗಟ್ಟಿ. 75ಕ್ಕಿಂತ ಬಹಳ ಕಡಿಮೆ ಬಂದರೆ ಆ ಬೀಜವನ್ನು ಹೊಲಕ್ಕೆ ಒಯ್ಯಬೇಡಿ.

ಹಾಗೆಂದು ಹುಟ್ಟದ ಪೈರಿಗೆಲ್ಲ ಬೀಜವೇ ಕಾರಣವಲ್ಲ. ರಾಗಿ ಸಣ್ಣ ಕಾಳು. ಆಳಕ್ಕೆ ಬಿದ್ದರೆ, ಮಳೆ ಕೈಕೊಟ್ಟರೆ, ಮೇಲ್ಮಣ್ಣು ಗಟ್ಟಿಯಾದರೆ ಒಳ್ಳೆಯ ಬೀಜವೂ ಮೇಲೇಳದು. ಅದನ್ನು ಕಳಪೆ ಎಂದರೆ ದೂರು ನಿಲ್ಲುವುದಿಲ್ಲ.

ದೂರು ನಿಲ್ಲಬೇಕಾದರೆ ರಸೀದಿ, ಚೀಲ, ಚೀಟಿ, ಒಂದಿಷ್ಟು ಬೀಜ ಇವನ್ನು ಕೊಯ್ಲಿನವರೆಗೂ ಜೋಪಾನವಾಗಿಡಿ. ಅನುಮಾನ ಬಂದ ಕೂಡಲೇ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬರೆದು ಕೊಡಿ. ಬೀಜದಿಂದ ನಷ್ಟವಾದ ರೈತ ಗ್ರಾಹಕರ ನ್ಯಾಯಾಲಯಕ್ಕೂ ಹೋಗಬಹುದೆಂದು 2012ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ.

‘ಕಳಪೆ’ ಎಂದು ಬೈದರೆ ಅದು ಬರೀ ಬೈಗುಳ. ಎಣಿಸಿ ಹೇಳಿದರೆ ಅದೇ ಸಾಕ್ಷಿ. ಈ ಸಲ ಚೀಲ ಬಿಚ್ಚಿದ ದಿನವೇ ನೂರು ಕಾಳು ಎಣಿಸಿಡಿ.