ನಡೆಯುವವರಿಗೂ ಸೈಕಲ್ ಸವಾರರಿಗೂ ಸುರಕ್ಷಿತ ಗ್ರಾಮ ರಸ್ತೆ

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದಿನಾಂಕ 1-8-2023ರಿಂದ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್ ಹಾಗೂ ಮೋಟಾರುರಹಿತ ವಾಹನಗಳ ಸಂಚಾರವನ್ನು ನಿಷೇಧಿಸಲಾಗಿದೆ. ಇವು ಈಗ ಬಿಡದಿ, ರಾಮನಗರ, ಚನ್ನಪಟ್ಟಣ ಭಾಗದ ಸರ್ವಿಸ್ ರಸ್ತೆ ಹಾಗೂ ಗ್ರಾಮ ರಸ್ತೆಗಳನ್ನೇ ಅವಲಂಬಿಸಿವೆ. ಶಾಲೆಗೆ ನಡೆಯುವ ಮಕ್ಕಳು, ಡೇರಿಗೆ ಹಾಲು ಒಯ್ಯುವವರು, ರೇಷ್ಮೆಗೂಡು ಸಾಗಿಸುವವರು ಸಾಗುವುದೂ ಇದೇ ದಾರಿಗಳಲ್ಲಿ.

ಗ್ರಾಮ ರಸ್ತೆ ಮತ್ತು ಬೀದಿದೀಪಗಳ ನಿರ್ವಹಣೆ ಗ್ರಾಮ ಪಂಚಾಯತಿಯ ಹೊಣೆಯಾಗಿದೆ. ಆದ್ದರಿಂದ ಸದಸ್ಯರು ಶಾಲಾ ವೇಳೆಯಲ್ಲಿ ತಮ್ಮ ವಾರ್ಡಿನಿಂದ ಶಾಲೆ, ಅಂಗನವಾಡಿ, ಬಸ್ ನಿಲ್ದಾಣಗಳವರೆಗೆ ಸ್ವತಃ ನಡೆದು, ತೆರೆದ ಚರಂಡಿ, ತಿಪ್ಪೆ, ಮುಳ್ಳುಪೊದೆ, ಕಲ್ಲುರಾಶಿಗಳಿಂದ ದಾರಿ ಕಟ್ಟಿರುವ ಜಾಗಗಳನ್ನು ಗುರುತಿಸುವುದು ಸೂಕ್ತ.

ಭಾರತೀಯ ರಸ್ತೆ ಕಾಂಗ್ರೆಸ್ ಮಾರ್ಗಸೂಚಿಯಂತೆ ಪಾದಚಾರಿ ಮಾರ್ಗಕ್ಕೆ ಅಡೆತಡೆಯಿಲ್ಲದ 1.8 ಮೀಟರ್ ಅಗಲ ಇರಬೇಕು. ಅಷ್ಟು ಸ್ಥಳವಿಲ್ಲದ ಕಡೆ ಚರಂಡಿಗೆ ಗಟ್ಟಿ ಚಪ್ಪಡಿ ಹಾಸಿದರೆ ನಡೆಯಲು ಜಾಗ ದೊರೆಯುತ್ತದೆ. ಶಾಲೆಯ ಮುಂದೆ ವಾಹನಗಳ ವೇಗ ಗಂಟೆಗೆ 30 ಕಿ.ಮೀ. ಮೀರದಿದ್ದರೆ ಅಪಘಾತವಾದರೂ ಜೀವ ಉಳಿಯುವ ಸಾಧ್ಯತೆ ಹೆಚ್ಚು.

2022ರ ಆಗಸ್ಟ್ ಮಳೆಯಲ್ಲಿ ರಾಮನಗರದ ಬಳಿ ಹೆದ್ದಾರಿಯಲ್ಲೇ ನೀರು ನಿಂತಿತ್ತು. ಕೆಳಸೇತುವೆಗಳ ನೀರುಗಾಲುವೆ ಮತ್ತು ದೀಪಗಳನ್ನು ಮುಂಗಾರಿಗೆ ಮುನ್ನ ಪರಿಶೀಲಿಸಿ, ಅನ್ಯ ಇಲಾಖೆಯ ರಸ್ತೆಯಾದಲ್ಲಿ ನಿರ್ಣಯ ಕೈಗೊಂಡು ಲಿಖಿತವಾಗಿ ಕೋರತಕ್ಕದ್ದು.

ಮಕ್ಕಳ ಗ್ರಾಮ ಸಭೆಯಲ್ಲಿ ಈ ವಿಷಯವನ್ನು ಕೇಳಿದಲ್ಲಿ, ಅಪಾಯದ ತಿರುವು ಯಾವುದೆಂದು ಮಕ್ಕಳೇ ತಿಳಿಸುವರು.