ಲಾರಿಯ ಸಾಲೂ ಯಂತ್ರದ ಎಣಿಕೆಯೂ

ಮುಂಬಯಿಯಿಂದ ಪುಣೆಗೆ ಹೋಗುವ ದ್ರುತಮಾರ್ಗವು ಆರಂಭವಾಗುವ ಕಳಂಬೋಲಿಯಲ್ಲಿ, ಕಬ್ಬಿಣದ ಪೇಟೆಯ ಆಸುಪಾಸಿನಲ್ಲಿ ಸಾಲುಗಟ್ಟಿ ನಿಂತ ಲಾರಿಗಳನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿಕೊಂಡು ಹೋಗುವ ಗುಮಾಸ್ತನೊಬ್ಬನನ್ನು ಕಲ್ಪಿಸಿಕೊಂಡರೆ, ಗಣಕಯಂತ್ರದ ‘ಲೂಪ್’ ಎಂಬ ವ್ಯಾಪಾರವು ಅರ್ಧ ತಿಳಿದಂತೆಯೇ ಸರಿ. ಉಳಿದರ್ಧವು ಒಂದು ಭೇದದಲ್ಲಿದೆ: ಗುಮಾಸ್ತನು ಲಾರಿಗಳನ್ನು ಎಣಿಸುತ್ತಾನೆ, ಯಂತ್ರವಾದರೋ ಅವು ನಿಂತ ಸ್ಥಾನಗಳನ್ನು ಎಣಿಸುತ್ತದೆ.

ನಮ್ಮ ಕಣಗಳಲ್ಲಿ ರಾಶಿ ಅಳೆಯುವವರು ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುವ ವಾಡಿಕೆಯುಂಟು. ಸಿ, ಜಾವಾ, ಪೈಥಾನ್ ಮೊದಲಾದ ಭಾಷೆಗಳು ಮೊದಲನೆಯ ವಸ್ತುವಿಗೆ ‘ಸೊನ್ನೆ’ ಎನ್ನುತ್ತವೆ. ಅದು ಮಂಗಳಾಕಾಂಕ್ಷೆ, ಇದು ಶುದ್ಧ ಗಣಿತ. ಸಿ ಭಾಷೆಯ ಪಟ್ಟಿಯೊಂದು ಸ್ಮೃತಿಕೋಶದ 1000ನೆಯ ವಿಳಾಸದಿಂದ ಮೊದಲಾಗಿ, ಒಂದೊಂದು ವಸ್ತುವೂ 4 ಬೈಟುಗಳಷ್ಟು ಸ್ಥಳವನ್ನು ಆಕ್ರಮಿಸಿದರೆ, ಮೊದಲನೆಯದು 1000ರಲ್ಲಿ, ಎರಡನೆಯದು 1004ರಲ್ಲಿ, ಮೂರನೆಯದು 1008ರಲ್ಲಿ ಇರುವುದು; ಆರಂಭದಿಂದ ಎಷ್ಟು ಹೆಜ್ಜೆ ದಾಟಬೇಕೆಂಬುದೇ ಇಲ್ಲಿ ಕ್ರಮಸಂಖ್ಯೆಯಾದುದರಿಂದ, ಮೊದಲನೆಯದಕ್ಕೆ ದಾಟಬೇಕಾದುದು ಏನೂ ಇಲ್ಲ. 1957ರಲ್ಲಿ ಬಂದ ಫೋರ್‌ಟ್ರಾನ್ ಒಂದರಿಂದಲೇ ಎಣಿಸುತ್ತಿತ್ತು. ಡಚ್ ವಿದ್ವಾಂಸ ಡೈಕ್‌ಸ್ಟ್ರಾ 1982ರಲ್ಲಿ ಸೊನ್ನೆಯ ಪಕ್ಷವನ್ನು ಸಮರ್ಥಿಸಿದನು.

ಸ್ಥಾನವನ್ನು ಎಣಿಸುವ ಈ ಸ್ವಭಾವವೇ ಒಮ್ಮೊಮ್ಮೆ ಪ್ರಮಾದಕ್ಕೂ ಕಾರಣವಾಗುತ್ತದೆ. ಅ, ಆ, ಇ, ಈ, ಉ ಎಂಬ ಐದು ಲಾರಿಗಳು 0ಯಿಂದ 4ರವರೆಗಿನ ಸ್ಥಾನಗಳಲ್ಲಿ ನಿಂತಿವೆ; ಅವುಗಳಲ್ಲಿ ಆ, ಇ ಎರಡೂ ಬರಿದು; ಬರಿದಾದುದನ್ನು ಕಂಡಕಂಡಲ್ಲಿ ಹೊರಡಿಸಬೇಕೆಂದು ಆಜ್ಞೆ. ಯಂತ್ರವು 1ನೆಯ ಸ್ಥಾನದಲ್ಲಿ ‘ಆ’ ಲಾರಿಯನ್ನು ಕಂಡು ಕಳುಹಿಸುತ್ತದೆ; ಹಿಂದಿನವೆಲ್ಲ ಒಂದೊಂದು ಸ್ಥಾನ ಮುಂದೆ ಸರಿಯುತ್ತವೆ; ‘ಇ’ ಈಗ 1ಕ್ಕೆ ಬಂದಿತು. ಆದರೆ 1 ಮುಗಿಯಿತೆಂದು ಯಂತ್ರವು 2ಕ್ಕೆ ನಡೆದು, ಅಲ್ಲಿರುವ ‘ಈ’ಯನ್ನು ನೋಡುತ್ತದೆ. ಬರಿದಾದ ‘ಇ’ ಯಾರ ಕಣ್ಣಿಗೂ ಬೀಳದೆ ಸಾಲಿನಲ್ಲಿಯೇ ಉಳಿಯಿತು! ಐದು ಸ್ಥಾನಗಳೆಂದು ಮೊದಲೇ ಗೊತ್ತುಮಾಡಿದ್ದರಂತೂ, ಇಲ್ಲದ 4ನೆಯ ಸ್ಥಾನಕ್ಕೆ ಹೋಗಿ ಯಂತ್ರವು ಮುಗ್ಗರಿಸುತ್ತದೆ.

ಪರಿಹಾರ ಕಠಿಣವಲ್ಲ. ಕಡೆಯ ಲಾರಿಯಿಂದ ಮೊದಲಿನದರ ಕಡೆಗೆ ಬಂದರೆ ಸರಿಯುವವೆಲ್ಲ ಆಗಲೇ ನೋಡಿದವು. ನೋಡಬೇಕಾದವು ಇದ್ದಲ್ಲಿಯೇ ಇರುತ್ತವೆ. ಅಥವಾ, ಉಳಿಯತಕ್ಕವುಗಳನ್ನು ಬೇರೊಂದು ಪಟ್ಟಿಯಲ್ಲಿ ಬರೆದುಕೊಂಡು ಹೋಗಬಹುದು.

ಆದುದರಿಂದ ಪ್ರೋಗ್ರಾಮು ಬರೆಯಲು ತೊಡಗಿದ ಕಿರಿಯರಿಗೆ ಇಷ್ಟೇ ಮಾತು: ಎಣಿಸುತ್ತಿರುವಾಗ ಸಾಲನ್ನು ಕದಲಿಸಬೇಡಿ, ಕದಲಿಸಲೇಬೇಕಾದರೆ ಹಿಂದಿನಿಂದ ಬನ್ನಿ.