ಘಾಟಿ ಹತ್ತಿದ ಸಿಂಕು

ಕೆಮ್ಮಣ್ಣುಗುಂಡಿಗೆ ಹೋದವರು ಝಡ್ ಪಾಯಿಂಟ್ ನೋಡಿ ಬರುತ್ತಾರೆ, ಹೆಬ್ಬೆ ಜಲಪಾತದಲ್ಲಿ ಮಿಂದು ಬರುತ್ತಾರೆ, ಮಳೆಗಾಲವಾದರೆ ಕಾಲಿಗೆ ಕಚ್ಚಿದ ಇಂಬಳಗಳ ಲೆಕ್ಕ ಹೇಳುತ್ತಾ ಬರುತ್ತಾರೆ. ನಾನು ಈ ಸಲ ಅಲ್ಲಿಗೆ ಹೋಗಿ ಚೆನ್ನಾಗಿ ನೋಡಿದ್ದು ಒಂದು ಸಿಂಕಿನ ಅಡಿಭಾಗವನ್ನು. ಅದೂ ಅಂಗಾತ ಮಲಗಿ, ಹಣೆಗೆ ಟಾರ್ಚ್ ಕಟ್ಟಿಕೊಂಡು.

ಬೆಂಗಳೂರಿನಲ್ಲಿ ಬಾಡಿಗೆಗೆ ಹಿಡಿದ ಕ್ಯಾಂಪರ್ ವ್ಯಾನ್ ಅದು. ಒಳಗೆ ಮಡಚುವ ಮಂಚ, ಪುಟ್ಟ ಫ್ರಿಜ್, ಎರಡು ಮೊಳದ ಅಡುಗೆ ಕಟ್ಟೆ, ಕಟ್ಟೆಯಲ್ಲೊಂದು ಸ್ಟೀಲ್ ಸಿಂಕು. ಅಣ್ಣ, ಅತ್ತಿಗೆ, ನಾನು. ಅರಸೀಕೆರೆ, ಕಡೂರು, ಬೀರೂರು, ತರೀಕೆರೆ ಎಲ್ಲ ಸುಖವಾಗಿ ದಾಟಿದೆವು. ಲಿಂಗದಹಳ್ಳಿ ಬಿಟ್ಟು ಕಲ್ಹತ್ತಿಗಿರಿಯ ಕಡೆ ಏರು ಶುರುವಾಗಿ, ಒಂದು ತಿರುವಿನಲ್ಲಿ ಗಾಡಿ ಗುಂಡಿಗೆ ಇಳಿದು ಎದ್ದಾಗ ಹಿಂದೆ ‘ಧಡ್’ ಎಂದಿತು. "ಏನೋ ಬಿತ್ತು ಕಣೋ" ಎಂದರು ಅತ್ತಿಗೆ. ಬಿದ್ದಿರಲಿಲ್ಲ, ಜೋತಿತ್ತು. ಬೆಳಗಿನ ಉಪ್ಪಿಟ್ಟಿನ ಬಾಣಲೆ, ಕುಕ್ಕರು, ಅರ್ಧ ಕೊಡ ನೀರು ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಸಿಂಕಿನ ಒಂದು ಮೂಲೆ ಕಟ್ಟೆಯಿಂದ ಒಂದೂವರೆ ಅಂಗುಲ ಕೆಳಗೆ ಇಳಿದಿತ್ತು. ಸಂದಿಯಿಂದ ಮುಸುರೆ ನೀರು ಕೆಳಗಿನ ಬೀರುವಿನಲ್ಲಿದ್ದ ಅಕ್ಕಿ ಡಬ್ಬದ ಮೇಲೆ ತೊಟ್ಟಿಕ್ಕುತ್ತಿತ್ತು.

ಬೆರಳಿಟ್ಟು ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ಸಿಂಕಿನ ಅಂಚು ಕಟ್ಟೆಯನ್ನು ಮುಟ್ಟುವ ಜಾಗದಲ್ಲಿ, ಬೆಳ್ಳಗಿನ ಸಿಲಿಕೋನ್ ಅಂಟಿನ ಒಳಗೆ, ಕುಂಕುಮದ ಗೆರೆ ಎಳೆದ ಹಾಗೆ ಕೆಂಧೂಳು ಕೂತಿತ್ತು. ಒಂದು ಮಗ್ಗುಲಲ್ಲಿ ದಪ್ಪ, ಇನ್ನೊಂದರಲ್ಲಿ ನವಿರು. ಅಂದರೆ ಅಂಟು ಬಿಟ್ಟದ್ದು ಇವತ್ತಲ್ಲ. ಎಷ್ಟೋ ದಿನದಿಂದ ಸಿಂಕು ಬಾಯಿ ತೆರೆಯುತ್ತ ಮುಚ್ಚುತ್ತ ದಾರಿಯ ಮಣ್ಣನ್ನು ಒಳಗೆ ಎಳೆದುಕೊಂಡಿತ್ತು. ಗುಂಡಿ ಕೊನೆಯ ನೆಪ, ಅಷ್ಟೇ.

ಸಿಂಕು ಕೂರಿಸುವುದರಲ್ಲಿ ಎರಡು ಬಗೆ. ಹಳೆಯದು, ಮೇಲಿನಿಂದ ಇಳಿಬಿಡುವುದು. ಕಟ್ಟೆಯಲ್ಲಿ ಕಿಂಡಿ ಕೊರೆದು ಸಿಂಕನ್ನು ಮೇಲಿನಿಂದ ಬಿಟ್ಟರೆ ಅದರ ಅಗಲ ಅಂಚು ಕಟ್ಟೆಯ ಮೇಲೆ ಕೂರುತ್ತದೆ, ಬೋಗುಣಿ ಒಲೆಯ ಮೇಲೆ ಕೂತ ಹಾಗೆ. ಭಾರವನ್ನು ಕಟ್ಟೆಯೇ ಹೊರುತ್ತದೆ. ಹೊಸದು ಅಂಡರ್‌ಮೌಂಟ್. ಇದರಲ್ಲಿ ಸಿಂಕಿನ ಅಂಚು ಕಟ್ಟೆಯ ಅಡಿಗೆ ಹೋಗುತ್ತದೆ. ಮೇಲೆ ಅಂಚಿಲ್ಲ, ಕೊಳೆ ಕೂರುವ ಸಂದಿಯಿಲ್ಲ, ತರಕಾರಿ ಸಿಪ್ಪೆಯನ್ನು ಅಂಗೈಯಲ್ಲಿ ನೂಕಿದರೆ ನೇರ ಒಳಗೆ. ಅತ್ತಿಗೆಗೆ ಈ ಗುಣದ ಮೇಲೆ ಬಹಳ ಪ್ರೀತಿ. ಆದರೆ ಆ ಸಿಂಕು ಯಾವುದರ ಮೇಲೂ ಕೂತಿಲ್ಲ, ಬಾವಲಿಯ ಹಾಗೆ ನೇತಾಡುತ್ತಿದೆ. ಅಂಟು, ನಾಲ್ಕಾರು ಕ್ಲಿಪ್ಪು, ಅವಕ್ಕೆ ಹೊಡೆದ ಸ್ಕ್ರೂ, ಇವು ಹಿಡಿದಿರುವಷ್ಟು ಹೊತ್ತು.

ಮನೆಯಲ್ಲಿ ಇದು ನಡೆಯುತ್ತದೆ. ನಮ್ಮ ಅಡುಗೆಮನೆಗಳ ಕಟ್ಟೆ ಗ್ರಾನೈಟ್, ಒರಟು ಮಾಡಿ ಎಪಾಕ್ಸಿ ಹಚ್ಚಿದರೆ ಕಚ್ಚಿ ಹಿಡಿಯುತ್ತದೆ, ಮತ್ತೆ ಮನೆ ಎಲ್ಲಿಗೂ ಹೋಗುವುದಿಲ್ಲ. ಗಾಡಿಗೆ ಗ್ರಾನೈಟ್ ಹಾಕುವಂತಿಲ್ಲ. 20 ಮಿಲಿಮೀಟರ್ ದಪ್ಪದ ಕಲ್ಲು ಒಂದು ಚದರ ಅಡಿಗೆ ಸುಮಾರು 5 ಕಿಲೋ ತೂಗುತ್ತದೆ, ಕಟ್ಟೆಯೇ ಗಾಡಿಗೆ ಹೊರೆಯಾಗುತ್ತದೆ. ಹಾಗಾಗಿ ತೆಳ್ಳನೆಯ ಪ್ಲೈವುಡ್ ಅಥವಾ ಎಂಡಿಎಫ್ ಹಲಗೆಯ ಮೇಲೆ ಮೈಕಾ ಹೊದಿಸುತ್ತಾರೆ. ದುಡ್ಡಿದ್ದವರು ಕೋರಿಯನ್ ಥರದ್ದು ಹಾಕಿಸುತ್ತಾರೆ. ಅಮೆರಿಕದ ಡ್ಯುಪಾಂಟ್ ಕಂಪನಿಯವರು 1967ರಲ್ಲಿ ಕಂಡುಹಿಡಿದದ್ದು ಅದು, ಖನಿಜದ ಪುಡಿಯನ್ನು ಅಕ್ರಿಲಿಕ್‌ನಲ್ಲಿ ಕಲೆಸಿ ಎರಕ ಹೊಯ್ದ ಹಲಗೆ. ನಮ್ಮ ಗಾಡಿಯಲ್ಲಿದ್ದದ್ದು ಬರೀ ಎಂಡಿಎಫ್. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಈ ಹಲಗೆಗೆ ನೀರು ತಾಗಿದರೆ ಅವಲಕ್ಕಿಯಂತೆ ಊದುತ್ತದೆ, ಒಣಗಿದರೂ ಮೊದಲಿನಂತಾಗುವುದಿಲ್ಲ, ಸ್ಕ್ರೂ ಹಿಡಿಯುವುದಿಲ್ಲ.

ಲೆಕ್ಕವನ್ನೂ ನೋಡಿ. 40 ಸೆಂಟಿಮೀಟರ್ ಉದ್ದ, 35 ಅಗಲ, 18 ಆಳದ ಸಿಂಕು ತುಂಬಿದರೆ 25 ಲೀಟರ್, ಅಂದರೆ 25 ಕಿಲೋ. ಪಾತ್ರೆಗಳ ತೂಕ ಬೇರೆ. ರಸ್ತೆಯ ಹಂಪಿನ ಮೇಲೆ ಗಾಡಿ ಎಗರಿದಾಗ ಆ ಭಾರ ಒಂದು ಕ್ಷಣಕ್ಕೆ ಇಮ್ಮಡಿಯಾಗಿ ಜಗ್ಗುತ್ತದೆ. ಇದನ್ನೆಲ್ಲ ಹೊರಬೇಕಾದದ್ದು ಪಾಪ, ಸಿಲಿಕೋನ್. ಅದು ಹುಟ್ಟಿದ್ದು ನೀರು ತಡೆಯಲು, ಭಾರ ಹೊರಲು ಅಲ್ಲ.

ಗಾಡಿ ತಿರುಗಿಸಿ ಬುಡದ ಹಳ್ಳಿಗೆ ಇಳಿದೆವು. ಬಾಡಿಗೆ ಕೊಟ್ಟವರಿಗೆ ಫೋನು ಮಾಡಿದರೆ "ಸಿಂಕ್ ಯೂಸ್ ಮಾಡ್ಬೇಡಿ ಸರ್" ಎಂಬ ಪರಿಹಾರ ಸಿಕ್ಕಿತು. ಟೀ ಅಂಗಡಿಯವರು ಒಂದು ಶೆಡ್ ತೋರಿಸಿದರು. ಟ್ರ್ಯಾಕ್ಟರ್ ಟ್ರೈಲರ್‌ಗೆ ಹಲಗೆ ಹೊಡೆಯುವ, ಬಾಗಿಲು ಕಿಟಕಿ ಮಾಡುವ, ಬೇಕೆಂದರೆ ಅಡಿಕೆ ಕೊಯ್ಯುವ ದೋಟಿಗೆ ಕತ್ತಿಯನ್ನೂ ಕಟ್ಟಿಕೊಡುವ ಆಚಾರ್ರ ಶೆಡ್. ಅವರ ತಂದೆ ಎತ್ತಿನ ಗಾಡಿಯ ಚಕ್ರ ಮಾಡುತ್ತಿದ್ದರಂತೆ.

ಆಚಾರ್ರು ಒಳಗೆ ಹತ್ತಿ, ಸಿಂಕನ್ನು ಎರಡು ಕೈಯಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು, ಹಲ್ಲು ನೋಡುವ ಡಾಕ್ಟರ ಹಾಗೆ. ಆಮೇಲೆ ನನ್ನನ್ನು ಕರೆದು ಮಲಗಿಸಿ ತೋರಿಸಿದರು. ನಾಲ್ಕು ಕ್ಲಿಪ್ಪು. ಎರಡರ ಸ್ಕ್ರೂ ಊದಿದ ಹಲಗೆಯಿಂದ ಕಿತ್ತು ಬಂದಿದ್ದವು, ಒಂದಕ್ಕೆ ಸ್ಕ್ರೂವೇ ಇರಲಿಲ್ಲ. "ಅಂಟಿಗೆ ನೀರು ತಡೆಯೋ ಕೆಲಸ ಕೊಡಿ ಸಾರ್, ಭಾರ ಹೊರೋ ಕೆಲಸ ಮರಕ್ಕೆ ಕೊಡಿ. ಇವ್ರು ಎರಡೂ ಅಂಟಿಗೇ ಕೊಟ್ಟವ್ರೆ" ಎಂದರು.

ಗಾಡಿ ಚಕ್ರದವರ ಮಗ ಹೀಗೆ ಹೇಳುವುದರಲ್ಲಿ ಆಶ್ಚರ್ಯವಿಲ್ಲ. ಮರದ ಚಕ್ರದಲ್ಲಿ ಅಂಟಿನ ಹಂಗಿಲ್ಲ. ತುಂಡುಗಳನ್ನು ಒಂದಕ್ಕೊಂದು ಕಚ್ಚಿಸಿ ಸುತ್ತು ಮಾಡಿ, ಅದಕ್ಕಿಂತ ಒಂದಿಷ್ಟು ಚಿಕ್ಕದಾದ ಕಬ್ಬಿಣದ ಪಟ್ಟಿಯನ್ನು ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಹಿಗ್ಗಿಸಿ ತೊಡಿಸುತ್ತಾರೆ. ಮೇಲೆ ನೀರು ಸುರಿದರೆ ಪಟ್ಟಿ ಚೊರ್ರೆಂದು ಕುಗ್ಗಿ ಇಡೀ ಚಕ್ರವನ್ನು ಹಿಂಡಿ ಹಿಡಿಯುತ್ತದೆ. ಅಲುಗಾಟವನ್ನು ತಾಳಿಕೊಳ್ಳುವ ಕೆಲಸ ಅದು. ನಿಂತಲ್ಲೇ ನಿಲ್ಲುವ ವಸ್ತುವನ್ನು ಕಟ್ಟುವುದೇ ಬೇರೆ, ಓಡಾಡುವುದನ್ನು ಕಟ್ಟುವುದೇ ಬೇರೆ ಎಂಬುದು ಈ ಸೀಮೆಗೆ ಹೊಸ ತಿಳಿವಳಿಕೆಯೂ ಅಲ್ಲ. ಅಜ್ಜಂಪುರದ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇಲ್ಲಿಂದ ದೂರವಿಲ್ಲ. ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎನ್ನಿಸಿಕೊಂಡು, ಟಿಪ್ಪು ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದ ಆ ದನಗಳ ಹೋರಿಗಳೇ ಮೈಸೂರು ಸೈನ್ಯದ ಫಿರಂಗಿಯನ್ನೂ ಸಾಮಾನನ್ನೂ ಎಳೆದದ್ದು. ಸೈನ್ಯವೆಂದರೆ ಇನ್ನೇನು, ಕತ್ತಿಯ ಹಿಂದೆ ಹೊರಟ ಅಡುಗೆಮನೆ.

ರಿಪೇರಿಗೆ ಬರೋಣ. ಮೊದಲ ಕೆಲಸ ಖಾಲಿ ಮಾಡುವುದು. ಕೆಳಗೆ ಬಕೆಟ್ ಇಟ್ಟು ವೇಸ್ಟ್ ಪೈಪಿನ ಪ್ಲಾಸ್ಟಿಕ್ ನಟ್ಟನ್ನು ಕೈಯಲ್ಲೇ ತಿರುವಿದರು. ಇಕ್ಕಳ ಹಾಕಿದರೆ ಸೀಳುತ್ತದಂತೆ. ಬಾಗಿದ ಪೈಪಿನಲ್ಲಿ ನಿಂತಿದ್ದ ನೀರು ಬಂತು. ವಾಸನೆ ಮೇಲೆ ಬಾರದಂತೆ ತಡೆಯುವ ನೀರು ಅದು, ಆದರೆ ಅದರದೇ ವಾಸನೆ ಸಾಮಾನ್ಯದ್ದಲ್ಲ. ನಂತರ ಪೂರ್ತಿ ಒಂದು ಗಂಟೆ ಹಳೆಯ ಸಿಲಿಕೋನ್ ಕೆರೆಯುವುದು. ಬ್ಲೇಡಿನಲ್ಲಿ ಕೆರೆದು, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಉಗುರಿನಲ್ಲಿ ತಡವಿ, ಮತ್ತೆ ಕೆರೆದು. ನನಗೆ ಬೇಸರ ಬಂತು, ಅವರಿಗೆ ಬರಲಿಲ್ಲ. ಹಳೆ ಸಿಲಿಕೋನ್ ಮೇಲೆ ಹೊಸ ಸಿಲಿಕೋನ್ ಕೂಡ ಅಂಟುವುದಿಲ್ಲ, ಕೂದಲೆಳೆಯಷ್ಟು ಉಳಿದರೂ ನೀರು ಅಲ್ಲೇ ದಾರಿ ಮಾಡಿಕೊಳ್ಳುತ್ತದೆ. ಈ ರಿಪೇರಿ ಮತ್ತೆ ಮತ್ತೆ ಕೆಡುವುದು ಇಲ್ಲೇ, ಕೆರೆಯುವ ಒಂದು ಗಂಟೆಯನ್ನು ಉಳಿಸಲು ಹೋಗಿ. ಕೊನೆಗೆ ಎಮರಿ ಪೇಪರಿನಲ್ಲಿ ಸ್ಟೀಲಿನ ಅಂಚನ್ನು ಮಂಕಾಗುವವರೆಗೆ ಉಜ್ಜಿದರು. ನುಣುಪು ಮೈಗಿಂತ ಒರಟು ಮೈಗೆ ಅಂಟು ಚೆನ್ನಾಗಿ ಕಚ್ಚುತ್ತದೆ.

ಊದಿದ ಹಲಗೆಯ ಪುಡಿಪುಡಿ ಭಾಗವನ್ನು ಉಳಿಯಿಂದ ಎಬ್ಬಿಸಿ, ಎಪಾಕ್ಸಿ ಕಲೆಸಿ ತುಂಬಿದರು. ಎರಡು ಟ್ಯೂಬು, ಒಂದು ರಾಳ, ಇನ್ನೊಂದು ಗಟ್ಟಿ ಮಾಡುವ ಮದ್ದು, ಸಮಸಮ ಬೆರೆಸಬೇಕು. ಈಗ ಸಿಂಕನ್ನು ಮೇಲೆತ್ತಿ ಹಿಡಿಯುವುದು ಹೇಗೆ? ಕೆಳಗಿನ ಬೀರು ಎಷ್ಟು ಇಕ್ಕಟ್ಟೆಂದರೆ ಅಲ್ಲಿ ಜಾಕಿ ಕೂರುವುದಿಲ್ಲ. ಆಚಾರ್ರು ಕಟ್ಟೆಯ ಮೇಲೆ ಕಿಂಡಿಗೆ ಅಡ್ಡಲಾಗಿ ಒಂದು ಹಲಗೆ ಇಟ್ಟರು. ಸಿಂಕಿನ ನೀರು ಹೋಗುವ ತೂತಿನೊಳಗೆ ಹಗ್ಗ ಇಳಿಬಿಟ್ಟು, ಕೆಳಗೆ ಗೇಣುದ್ದದ ಮರದ ತುಂಡಿಗೆ ಗಂಟು ಹಾಕಿದರು. ಮೇಲೆ ಹಗ್ಗಕ್ಕೆ ಕೋಲು ತೂರಿಸಿ, ಹುಲ್ಲಿನ ಗಾಡಿಗೆ ಹಗ್ಗ ಬಿಗಿಯುವ ಹಾಗೆ ತಿರುವಿದರು. ಒಂದು ಸುತ್ತು, ಎರಡು ಸುತ್ತು, ಸಿಂಕು ಮೇಲೇರಿ ಕಟ್ಟೆಗೆ ಕಚ್ಚಿಕೊಂಡಿತು. ಅತ್ತಿಗೆ ಚಪ್ಪಾಳೆ ತಟ್ಟಿದರು. "ಇನ್ನೂ ಏನೂ ಆಗಿಲ್ಲ ಕಣಮ್ಮ, ಇದು ಅಳತೆಗೆ" ಎಂದು ಅವರು ಮತ್ತೆ ಸಡಿಲಿಸಿದರು.

ಅಳತೆ ರೀಪರಿಗೆ, ಅಂದರೆ ಆಸರೆಗೆ ಕೊಡುವ ಮರದ ಪಟ್ಟಿಗೆ. ಬೀರುವಿನ ಎರಡು ಪಕ್ಕದ ಹಲಗೆಗೆ ಸ್ಕ್ರೂ ಹೊಡೆದು, ಸಿಂಕಿನ ಅಂಚಿನ ಕೆಳಗೆ ಮುಂದೊಂದು ಹಿಂದೊಂದು ರೀಪರ್ ಕೊಟ್ಟರು. ರೀಪರಿನ ಬೆನ್ನಿಗೆ ಹಳೆಯ ಸೈಕಲ್ ಟ್ಯೂಬ್ ಸೀಳಿ ಹೊದಿಸಿದರು. ಮರವೂ ಸ್ಟೀಲೂ ನೇರ ತಿಕ್ಕಾಡಿದರೆ ದಾರಿಯುದ್ದಕ್ಕೂ ಕಿರಗುಟ್ಟುತ್ತದೆ, ರಬ್ಬರಿದ್ದರೆ ಕುಲುಕನ್ನು ನುಂಗುತ್ತದೆ. ನನಗೆ ಇಡೀ ಕೆಲಸದಲ್ಲಿ ಹಿಡಿಸಿದ್ದು ಈ ಸೈಕಲ್ ಟ್ಯೂಬ್. ಗಾಡಿ ಮಾಡಿದವರ ಬೆಲೆಪಟ್ಟಿಯಲ್ಲಿ ಇರದಿದ್ದ ವಸ್ತು. ಆಮೇಲೆ ಅಂಚಿನ ಸುತ್ತ ಬೆರಳು ದಪ್ಪದ ಸಿಲಿಕೋನ್, ಎಲ್ಲೂ ಎಳೆ ಕಡಿಯದಂತೆ ಜಿಲೇಬಿ ಬಿಡುವವರ ಕೈಯಲ್ಲಿ. ವಿನೆಗರ್ ವಾಸನೆ ಗಾಡಿ ತುಂಬಿತು. ಹಗ್ಗ ಮತ್ತೆ ಬಿಗಿ. ಹೊರಗೆ ಉಕ್ಕಿದ್ದನ್ನು ಸೋಪು ನೀರಿನಲ್ಲಿ ಅದ್ದಿದ ಬೆರಳಿನಿಂದ ಸವರಿ ತೆಗೆದರು.

"ನಾಳೆ ಇಷ್ಟೊತ್ತಿನ ತನಕ ನೀರು ಬಿಡಂಗಿಲ್ಲ, ಗಾಡಿ ಓಡ್ಸಂಗಿಲ್ಲ." ಸಿಲಿಕೋನ್ ಒಣಗುವುದು ಬಿಸಿಲಿಗಲ್ಲ, ಗಾಳಿಯ ತೇವಕ್ಕೆ. ಮೇಲೆ ಅರ್ಧ ಗಂಟೆಯೊಳಗೆ ಕೆನೆ ಕಟ್ಟಿದರೂ ಒಳಗೆ ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟೇ ಗಟ್ಟಿಯಾಗುತ್ತ ಹೋಗುತ್ತದೆ. ಎಪಾಕ್ಸಿಗೆ ಬೇಕಾದದ್ದು ಬೆಚ್ಚಗಿನ ಹವೆ. ಈ ಮಂಜಿನ ಸೀಮೆಯಲ್ಲಿ ಮೊದಲನೆಯದಕ್ಕೆ ಹಬ್ಬ, ಎರಡನೆಯದಕ್ಕೆ ಚಳಿಜ್ವರ. ಅದಕ್ಕೂ ಆಚಾರ್ರ ಹತ್ತಿರ ಉಪಾಯವಿತ್ತು. ಕೋಳಿಮರಿಗಳಿಗೆ ಹಾಕುವ ಹಾಗೆ ಬೀರುವಿನೊಳಗೆ ಒಂದು 60 ವಾಟಿನ ಹಳೆ ಬಲ್ಬು ನೇತುಹಾಕಿ ಬಾಗಿಲು ಮುಚ್ಚಿದರು.

ರಾತ್ರಿ ಅವರ ಶೆಡ್ ಮುಂದೆಯೇ ಮಲಗಿದೆವು. ಗಾಡಿಯಲ್ಲಿ ಸಂಸಾರ ಹೂಡುವ ಹುಚ್ಚು ಯಾರಿಗೆ ಮೊದಲು ಹಿಡಿಯಿತೋ ಎಂದು ಅಣ್ಣ ಕೇಳಿದ. ಖುಷಿಗಾಗಿ ಹೀಗೆ ಹೊರಟವರಲ್ಲಿ ಹೆಸರಾದವನು ಸ್ಕಾಟ್ಲೆಂಡಿನ ಗಾರ್ಡನ್ ಸ್ಟೇಬಲ್ಸ್, ನೌಕಾಪಡೆಯಲ್ಲಿ ವೈದ್ಯನಾಗಿದ್ದವನು. 1885ರಲ್ಲಿ ‘ವಾಂಡರರ್’ ಎಂಬ ಕುದುರೆಗಾಡಿ ಮನೆ ಕಟ್ಟಿಸಿಕೊಂಡು ಇಂಗ್ಲೆಂಡಿನಿಂದ ಇನ್ವರ್‌ನೆಸ್‌ವರೆಗೆ ಹೋದ. ಪಕ್ಕದ ಕೇರಳ 2021ರಲ್ಲಿ ‘ಕೇರವಾನ್ ಕೇರಳ’ ಎಂದು ಸರ್ಕಾರದಿಂದಲೇ ಇದನ್ನು ಶುರು ಮಾಡಿತು. ನಮ್ಮಲ್ಲಿ ಗುಬ್ಬಿ ವೀರಣ್ಣನವರ ನಾಟಕ ಕಂಪನಿಯಂಥವು ಪಾತ್ರೆಪರಡಿ ಸಮೇತ ಊರೂರು ಕ್ಯಾಂಪ್ ಮಾಡಿದ್ದನ್ನು ಯಾರೂ ಕ್ಯಾರವಾನ್ ಟೂರಿಸಂ ಎನ್ನಲಿಲ್ಲ, ಅಷ್ಟೇ ವ್ಯತ್ಯಾಸ. ಅಂಥ ಅಡುಗೆಯವರಿಗೆ ಸಿಂಕಿನ ಯೋಚನೆಯೂ ಇರಲಿಲ್ಲ. ಬಯಲಲ್ಲಿ ಬೂದಿ, ತೆಂಗಿನ ನಾರು, ಒಂದು ಕೊಳಗ ನೀರು.

ಮಾರನೆಯ ದಿನ ಮಧ್ಯಾಹ್ನ ಆಚಾರ್ರು ಹಗ್ಗ ಬಿಚ್ಚಿದರು. ಅಣ್ಣ ಹೊಸದಾಗಿ ಇನ್ನೇನು ಮಾಡಿಸಬಹುದಿತ್ತು ಎಂದು ಕೇಳಿದ್ದಕ್ಕೆ, ಊದದ ಹಲಗೆ ಬೇಕಿದ್ದರೆ ಐಎಸ್ 710 ಎಂದು ಮುದ್ರೆಯಿರುವ ಮೆರೈನ್ ಪ್ಲೈ ಹಾಕಿಸಿ, ಇನ್ನೂ ಬುದ್ಧಿವಂತರಾದರೆ ಮೇಲಿನಿಂದ ಕೂರುವ ಸಿಂಕೇ ಹಾಕಿಸಿ ಎಂದರು. ನನ್ನ ಮತವೂ ಅದೇ. ಉರುಳುವ ಗಾಡಿಗೆ ಅಂಡರ್‌ಮೌಂಟ್ ಬರೀ ಶೋಕಿ. ಅತ್ತಿಗೆ ಒಪ್ಪಲಿಲ್ಲ. "ಸಂದೀಲಿ ಕೂತ ಕೊಳೆ ತಿಕ್ಕೋರು ನೀವಲ್ವಲ್ಲ" ಎಂದರು. ಆಚಾರ್ರು ನಕ್ಕು ಬೀಡಿ ಹಚ್ಚಿದರು.

ಮತ್ತೆ ಏರು. ಅದೇ ತಿರುವು, ಅದೇ ಗುಂಡಿ. ಅಣ್ಣ ಈ ಸಲ ಒಂದನೇ ಗೇರಿನಲ್ಲಿ ದಾಟಿಸಿದ. ಕಲ್ಹತ್ತಿಗಿರಿಯಲ್ಲಿ ವೀರಭದ್ರನಿಗೆ ಕೈ ಮುಗಿದು ಮೇಲೆ ಹತ್ತಿದೆವು. 1434 ಮೀಟರ್ ಎತ್ತರದ ಕೆಮ್ಮಣ್ಣುಗುಂಡಿಗೆ ‘ಗುಂಡಿ’ ಎಂಬ ಹೆಸರೇ ತಮಾಷೆ. ಹೆಸರು ಕೊಟ್ಟ ಕೆಮ್ಮಣ್ಣು ಮಾತ್ರ ಸುಳ್ಳಲ್ಲ. ಇಲ್ಲಿನ ಅದಿರು ರೋಪ್‌ವೇಯ ತೊಟ್ಟಿಲುಗಳಲ್ಲಿ ತೂಗಿಕೊಂಡು ಕೆಳಗಿಳಿದು, ಅಲ್ಲಿಂದ ಪುಟ್ಟ ರೈಲಿನಲ್ಲಿ ಭದ್ರಾವತಿಗೆ ಹೋಗಿ, 1923ರಲ್ಲಿ ಕೆಲಸ ಶುರು ಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆಯ ಕುಲುಮೆಗೆ ಬೀಳುತ್ತಿತ್ತು. ಆ ಮಣ್ಣಿನ ಕೆಂಪು ತುಕ್ಕಿನದೇ ಕೆಂಪು, ಕಬ್ಬಿಣ ಗಾಳಿ ನೀರು ಕುಡಿದದ್ದು. ಸಿಂಕಿನ ಸ್ಟೀಲೂ ಮುಕ್ಕಾಲು ಪಾಲು ಕಬ್ಬಿಣವೇ. ನೂರಕ್ಕೆ ಹದಿನೆಂಟರಷ್ಟು ಕ್ರೋಮಿಯಂ ಸೇರಿರುವುದರಿಂದ ಮೈಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿಕೊಂಡು ಕೆಂಪಾಗದೆ ಉಳಿದಿದೆ.

ತೋಟಗಾರಿಕೆ ಇಲಾಖೆಯ ಹೂದೋಟದ ಬಳಿ ಮಂಜು ಎಷ್ಟು ದಟ್ಟವಿತ್ತೆಂದರೆ ಹೂವಿಲ್ಲ, ತೋಟವಿಲ್ಲ. ನೋಡಲು ಏನೂ ಇಲ್ಲದ್ದರಿಂದ ಅತ್ತಿಗೆ ಕಾಫಿ ಮಾಡಿದರು. ನಾನು ಬೀರುವಿನಲ್ಲಿ ಸಿಂಕಿನ ಕೆಳಗೆ ಹಿಂದಿನ ದಿನದ ಪತ್ರಿಕೆ ಹಾಸಿ, ಮೇಲೆ ಒಂದು ಕೊಡ ನೀರು ಸುರಿದು, ಮೂರು ಲೋಟ ತೊಳೆದು, ಮತ್ತೆ ಅಂಗಾತ ಮಲಗಿ ಟಾರ್ಚ್ ಬಿಟ್ಟೆ. ಸೈಕಲ್ ಟ್ಯೂಬಿನ ಮೇಲೆ ತೂತಿಗೆ ಹಾಕಿದ್ದ ಪಂಕ್ಚರ್ ಪ್ಯಾಚು ಕಂಡಿತು. ಪತ್ರಿಕೆ ಒಣಗಿಯೇ ಇತ್ತು. ಅದರ ಮೇಲೆ, ಎಲ್ಲಿಂದ ಉದುರಿತೋ, ಚಿಟಿಕೆಯಷ್ಟು ಕೆಮ್ಮಣ್ಣು.